ಆಟದ ಬಂದೂಕಿಗೆ ನಿಜದ ಥ್ರೆಡ್ಡು ಬೇಕೇ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹುಡುಗರು ಬಂದೂಕು ಕಂಡಿರುವುದು ಹೆಚ್ಚಾಗಿ ಮೊಬೈಲಿನಲ್ಲೇ. ಕಣ್ಣಾರೆ ಕಂಡಿದ್ದರೆ ಅದು ಬ್ಯಾಂಕಿನ ಕಾವಲುಗಾರನ ಹೆಗಲ ಮೇಲಿನದೋ, ಬೆಳೆ ಕಾಯಲೆಂದು ಲೈಸೆನ್ಸ್ ಪಡೆದು ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಬೇಕಾದ ಹಳೆಯ ಬಂದೂಕೋ ಆಗಿರುತ್ತದೆ. ಆದರೂ ಎಕೆಎಂ, ಎಂ416, ಕಾರ್98ಕೆ ಎಂಬ ಹೆಸರುಗಳು, ಯಾವುದಕ್ಕೆ ಯಾವ ಅಟ್ಯಾಚ್‌ಮೆಂಟ್ ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಇದನ್ನೆಲ್ಲ ಕಲಿಸಿದ ಪಬ್‌ಜಿ ಮೊಬೈಲ್ ಎಂಬ ಆಟ ನಮ್ಮ ದೇಶದಲ್ಲಿ 2020ರ ಸೆಪ್ಟೆಂಬರ್ 2ರಂದು ನಿಷೇಧವಾಯಿತು, 2021ರ ಜುಲೈ 2ರಂದು ಬಿಜಿಎಂಐ ಹೆಸರಿನಲ್ಲಿ ಬಂತು, ಮರುವರ್ಷ ಜುಲೈ ಕೊನೆಗೆ ಮತ್ತೆ ಕಾಣೆಯಾಗಿ 2023ರ ಮೇ ತಿಂಗಳಲ್ಲಿ ಮರಳಿತು. ಈ ಹೋಗುಬರುವಿನಲ್ಲೆಲ್ಲ ಮಾತು ನಡೆದದ್ದು ಆಟಗಾರರ ಮಾಹಿತಿಯ ಸುರಕ್ಷತೆ, ಮಕ್ಕಳು ದಿನಕ್ಕೆ ಎಷ್ಟು ಗಂಟೆ ಆಡಬಹುದು, ರಕ್ತ ಕೆಂಪಗಿರಬೇಕೋ ಹಸಿರಾಗಿರಬೇಕೋ ಎಂಬುದರ ಮೇಲೆ. ಬಂದೂಕಿಗೆ ಸಿಕ್ಕಿಸುವ ಸ್ಕೋಪ್, ಸೈಲೆನ್ಸರ್, ಹಿಡಿ, ಮ್ಯಾಗಜಿನ್‌ಗಳು ನಿಜಕ್ಕೆ ಎಷ್ಟು ಹತ್ತಿರವಿರಬೇಕು ಎಂದು ಯಾರೂ ಕೇಳಲಿಲ್ಲ. ಬದುಕುಳಿಯುವುದೇ ಗುರಿಯಾದ ಆಟದಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು.

ಪರ: ನಿಜದಂತೆಯೇ ಇರಬೇಕು

ಇಂಥ ಆಟದ ಜೀವಾಳ ಕೊರತೆ. ಸಿಕ್ಕಿದ್ದೆಲ್ಲ ಕೆಲಸಕ್ಕೆ ಬರುವಂತಿದ್ದರೆ ಕೊರತೆಯೇ ಉಳಿಯುವುದಿಲ್ಲ. ಬಿಜಿಎಂಐನಲ್ಲಿ ನೆಲದಲ್ಲಿ ಬಿದ್ದಿರುವ ಒಂದೇ ಸೈಲೆನ್ಸರ್ 5.56 ಮಿ.ಮೀ. ಗುಂಡಿನ ಎಂ416ಕ್ಕೂ ಹೊಂದುತ್ತದೆ, 7.62 ಮಿ.ಮೀ. ಗುಂಡಿನ ಎಕೆಎಂಗೂ ಹೊಂದುತ್ತದೆ. ನಿಜದಲ್ಲಿ ಎರಡರ ನಳಿಗೆ ತುದಿಯ ಥ್ರೆಡ್ಡೇ, ಎಂದರೆ ತಿರುಪಿನ ಸುತ್ತೇ, ಬೇರೆ, ಎಕೆಎಂನದು ಎಡಕ್ಕೆ ತಿರುಗುವಂಥದ್ದು. ಹೇಗೋ ಸಿಕ್ಕಿಸಿದರೂ ಸಣ್ಣ ಗುಂಡಿಗೆಂದು ಕೊರೆದ ತೂತಿನಲ್ಲಿ ದೊಡ್ಡ ಗುಂಡು ಹಾಯುವುದಿಲ್ಲ, ಸೈಲೆನ್ಸರನ್ನೇ ಸೀಳುತ್ತದೆ. 16 ಮಿ.ಮೀ. ಡ್ರಿಪ್ ಪೈಪಿಗೆ 12 ಮಿ.ಮೀ. ಜಾಯಿನರ್ ಕೂರುವುದಿಲ್ಲ ಎಂದು ಬಲ್ಲ ಈ ಸೀಮೆಯ ದ್ರಾಕ್ಷಿ ತೋಟದ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡೇಝಡ್ ಆಟ ಈ ಕಷ್ಟವನ್ನೇ ಆಟವಾಗಿಸಿದೆ. 2012ರಲ್ಲಿ ಆರ್ಮಾ 2ರ ಮಾರ್ಪಾಡಾಗಿ ಹುಟ್ಟಿದ ಈ ಆಟದ ಇಂದಿನ ರೂಪದಲ್ಲಿ ಮೊಸಿನ್ ಬಂದೂಕಿಗೆ ಅದರದ್ದೇ ಸ್ಕೋಪ್ ಹುಡುಕಬೇಕು, ರೆಡ್ ಡಾಟ್ ಬೆಳಗಲು ಬ್ಯಾಟರಿ ಬೇಕು, ಸೈಲೆನ್ಸರ್ ಗುಂಡು ಹಾರಿದಂತೆಲ್ಲ ಸವೆಯುತ್ತದೆ. ಪ್ಲಾಸ್ಟಿಕ್ ಬಾಟಲಿಗೆ ಟೇಪು ಸುತ್ತಿ ಮಾಡಿಕೊಂಡದ್ದಂತೂ ಬೇಗನೆ ಹಾಳಾಗುತ್ತದೆ. ಹೊಂದದ ವಸ್ತುವನ್ನು ಹೊರಬೇಕೋ ಬಿಡಬೇಕೋ ಎಂಬ ಅಲ್ಲಿನ ಚಿಂತೆಯೇ ಬದುಕುಳಿಯುವ ಆಟದ ತಿರುಳು.

ಎರಡನೆಯ ಕಾರಣ ಇನ್ನೂ ಗಟ್ಟಿಯಾದದ್ದು. ಬಂದೂಕು ನೋಡದವನಿಗೆ ಅದರ ಬಗ್ಗೆ ಹೇಳಿಕೊಡುವುದು ಆಟ ಮತ್ತು ಸಿನಿಮಾ ಮಾತ್ರ. ಸೈಲೆನ್ಸರ್ ಹಾಕಿದರೆ ಸದ್ದೇ ಇಲ್ಲ ಎಂಬ ನಂಬಿಕೆ ಅಲ್ಲಿಂದ ಬಂದದ್ದು. ಇಂಥ ರೈಫಲ್ಲಿನ ಸದ್ದು ಸುಮಾರು 160 ಡೆಸಿಬಲ್. ಒಳ್ಳೆಯ ಸೈಲೆನ್ಸರ್ ಅದರಲ್ಲಿ 20ರಿಂದ 35ರಷ್ಟು ಇಳಿಸೀತು. 4 ಮೀಟರ್ ದೂರದಲ್ಲಿ 125 ಡೆಸಿಬಲ್ ದಾಟುವ ಪಟಾಕಿಯನ್ನು ನಿಷೇಧಿಸಿರುವ ದೇಶದಲ್ಲಿ ಉಳಿದ ಸದ್ದನ್ನು ಮೌನ ಎನ್ನಲಾಗದು. ಎಕೆಎಂ ಗುಂಡು ಸೆಕೆಂಡಿಗೆ ಸುಮಾರು 715 ಮೀಟರ್ ವೇಗದಲ್ಲಿ, ಎಂದರೆ ಶಬ್ದದ ಇಮ್ಮಡಿಗೂ ಮೀರಿ ಓಡುತ್ತದೆ. ಅದು ಗಾಳಿ ಸೀಳುವಾಗ ಏಳುವ ಚಟಾರನ್ನು ನಳಿಗೆ ತುದಿಯ ಯಾವ ಕೊಳವೆಯೂ ತಡೆಯಲಾರದು. ನಮ್ಮ ಕಾನೂನಿಗಂತೂ ಸೈಲೆನ್ಸರ್ ಆಟಿಕೆಯಲ್ಲ: 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಬಂದೂಕಿನ ಸದ್ದನ್ನೋ ಬೆಳಕನ್ನೋ ತಗ್ಗಿಸುವ ಉಪಕರಣವೂ ಬಂದೂಕೆಂದೇ ಲೆಕ್ಕ.

ಆಯುಧಕ್ಕೆ ಭಾರವಿದೆ, ದುಡಿಮೆಯಿದೆ ಎಂಬುದಕ್ಕೆ ನಂದಿಬೆಟ್ಟವೇ ಸಾಕ್ಷಿ. 1791ರಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೋಟೆಗೆ ಮುತ್ತಿಗೆ ಹಾಕಿದಾಗ ಕಡಿದಾದ ಗುಡ್ಡದ ಮೇಲೆ ಫಿರಂಗಿ ಎಳೆಯಲು ದಾರಿಯನ್ನೇ ಕಡಿಯಬೇಕಾಯಿತು, ಕೋಟೆ ಬಿದ್ದದ್ದು ಅಕ್ಟೋಬರ್ 19ಕ್ಕೆ. ಆ ದುಡಿಮೆಯನ್ನು ಅಳಿಸಿಹಾಕಿದ ಆಟ ಆಯುಧವನ್ನು ಆಭರಣವಾಗಿಸುತ್ತದೆ.

ವಿರೋಧ: ನಿಜದ ನಕಲು ಬೇಡ

ಆಟ ಎನ್ನುವುದು ಕಾರ್ಖಾನೆಯ ಕೈಪಿಡಿಯಲ್ಲ. ನೂರು ಜನ ಇಳಿದು ಅರ್ಧ ಗಂಟೆಯೊಳಗೆ ಮುಗಿಯುವ ಪಂದ್ಯದಲ್ಲಿ ಥ್ರೆಡ್ಡಿನ ಅಳತೆ ನೋಡುತ್ತ ಕುಳಿತವನು ಮೊದಲೇ ಸಾಯುತ್ತಾನೆ. ಮೊಬೈಲಿನ ಅಂಗೈಯಗಲ ಪರದೆಯಲ್ಲಿ ಎರಡು ಹೆಬ್ಬೆರಳಿನಲ್ಲಿ ಆಡುವವನಿಗೆ ಅಟ್ಯಾಚ್‌ಮೆಂಟುಗಳು ತಾವಾಗಿಯೇ ಬಂದು ಸಿಕ್ಕಿಕೊಳ್ಳುವುದು ಸೋಮಾರಿತನವಲ್ಲ, ಅನಿವಾರ್ಯತೆ. ಡೇಝಡ್‌ನ ನಿಧಾನಕ್ಕೆ ಕಂಪ್ಯೂಟರೋ ಕನ್ಸೋಲೋ ಬೇಕು, ಗಂಟೆಗಟ್ಟಲೆ ಬಿಡುವೂ ಬೇಕು. ಎರಡೂ ಇಲ್ಲದವನ ಆಟಕ್ಕೆ ಅದೇ ನಿಯಮ ಹೇರುವುದು ಸರಿಯಲ್ಲ. ಮೇಲಾಗಿ, ಎಲ್ಲಕ್ಕೂ ಹೊಂದುವ ಭಾಗ ಎಂಬುದು ಪೂರ್ತಿ ಕಟ್ಟುಕತೆಯೂ ಅಲ್ಲ. 1995ರಿಂದ ಅಮೆರಿಕದ ಸೈನ್ಯ ಅಳವಡಿಸಿಕೊಂಡ ಪಿಕಟಿನ್ನಿ ಹಳಿ ಹುಟ್ಟಿದ್ದೇ ಒಂದು ಸ್ಕೋಪು ಹಲವು ಬಂದೂಕುಗಳಿಗೆ ಕೂರಲಿ ಎಂದು. ಸಾಮಾನ್ಯ ಎಕೆಎಂಗೆ ಸ್ಕೋಪ್ ಕೂರಿಸುವ ಹಳಿ ಇಲ್ಲದಿರಬಹುದು, ಆದರೆ ಇಂದಿನ ಬಂದೂಕುಗಳ ದಾರಿ ಆಟ ತೋರಿಸುವ ದಿಕ್ಕಿನಲ್ಲೇ ಇದೆ.

ಇನ್ನೊಂದು ಮಾತು ನಿಜವಾದಿಗಳನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಬಿಜಿಎಂಐನಲ್ಲಿ ನಳಿಗೆ ತುದಿಗೆ ಒಂದೇ ಜಾಗ. ಸದ್ದು ತಗ್ಗಿಸಲು ಸೈಲೆನ್ಸರೋ, ಗುಂಡು ಹಾರಿದಾಗಿನ ಹಿನ್ನೂಕಿನ, ಎಂದರೆ ರಿಕಾಯಿಲ್‌ನ, ಹಿಡಿತಕ್ಕೆ ಕಾಂಪನ್ಸೇಟರೋ ಎಂದು ಆರಿಸಿಕೊಳ್ಳಬೇಕು. ನಿಜದ ಸೈಲೆನ್ಸರ್ ಸದ್ದಿನ ಜೊತೆ ರಿಕಾಯಿಲನ್ನೂ ಒಂದಿಷ್ಟು ತಗ್ಗಿಸುತ್ತದೆ. ನಿಜವನ್ನೇ ಅನುಸರಿಸಿದರೆ ಎಲ್ಲರೂ ಅದನ್ನೇ ಹಾಕಿಕೊಂಡು ಆಯ್ಕೆ ಎಂಬುದೇ ಸತ್ತುಹೋಗುತ್ತದೆ. ಆಟಕ್ಕೆ ಬೇಕಾದ ಸಮತೋಲ ಇಲ್ಲಿ ಸುಳ್ಳಿನಿಂದಲೇ ಸಿಕ್ಕಿದೆ.

ಕೊನೆಯದು ನೀತಿಯ ಆಕ್ಷೇಪ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಬಂದೂಕಿನ ಸತ್ಯ ಅಲ್ಲಿ ಬಿದ್ದ ಹೆಣಗಳಲ್ಲಿದೆ, ನಳಿಗೆಯ ಥ್ರೆಡ್ಡಿನಲ್ಲಲ್ಲ. ರಕ್ತವನ್ನು ಹಸಿರಾಗಿಸಿ ಸ್ಕೋಪಿನ ಗಾಜನ್ನು ಮಾತ್ರ ಸಾಚಾ ಮಾಡುವುದು ಎಂಥ ವಾಸ್ತವ? ಬೆಂಗಳೂರಿನ ಎನ್‌ಕೋರ್ ಗೇಮ್ಸ್ 2021ರ ಜನವರಿ 26ರಂದು ತಂದ ಫೌ-ಜಿ ಆಟದ ಗಲ್ವಾನ್ ಭಾಗದಲ್ಲಿ ಬಂದೂಕೇ ಇರಲಿಲ್ಲ. ಗಲ್ವಾನ್ ಕಣಿವೆಯಲ್ಲಿ 2020ರಲ್ಲಿ ಭಾರತ ಮತ್ತು ಚೀನಾದ ಸೈನಿಕರು ಗುಂಡು ಹಾರಿಸದೆ ದೊಣ್ಣೆ, ಕಲ್ಲುಗಳಿಂದ ಹೊಡೆದಾಡಿದ್ದರು. ಆಯುಧದ ಕುಸುರಿಯಿಲ್ಲದೆಯೂ ಘಟನೆಗೆ ನಿಷ್ಠೆ ಸಾಧ್ಯ ಎಂಬುದಕ್ಕೆ ಅದೊಂದು ಉದಾಹರಣೆ.

ತೀರ್ಮಾನ

ಎರಡೂ ಕಡೆಯ ವಾದ ‘ನಿಜ’ ಎಂಬ ಒಂದೇ ಮಾತನ್ನು ಎರಡು ಅರ್ಥದಲ್ಲಿ ಬಳಸುತ್ತಿದೆ. ಒಂದು, ಭಾಗದ ಅಳತೆ ಮತ್ತು ಹೊಂದಿಕೆಯ ನಿಜ. ಇನ್ನೊಂದು, ಆ ಭಾಗದಿಂದ ಏನಾಗುತ್ತದೆ, ಅದಕ್ಕೆ ತೆರುವ ಬೆಲೆ ಏನು ಎಂಬ ನಿಜ. ಮೊದಲನೆಯದರಲ್ಲಿ ವಿರೋಧದವರು ಗೆದ್ದಿದ್ದಾರೆ. ಮೊಬೈಲಿನ ವೇಗದ ಆಟಕ್ಕೆ ಥ್ರೆಡ್ಡಿನ ಲೆಕ್ಕ ಹೊರೆ. ಅದು ಕೊರತೆಯನ್ನೇ ಕಥೆಯಾಗಿಸಿದ ಡೇಝಡ್‌ನಂಥ ಆಟಗಳಿಗೆ ಮೀಸಲಾಗಿರಲಿ. ಎರಡನೆಯದರಲ್ಲಿ ಪರದವರ ಮಾತು ನಿಲ್ಲುತ್ತದೆ. ಸಮತೋಲಕ್ಕೆ ಸುಳ್ಳು ಬೇಕು ಎಂಬ ವಾದವೂ ಇಲ್ಲಿ ಪೂರ್ತಿ ಒಪ್ಪತಕ್ಕದ್ದಲ್ಲ, ಏಕೆಂದರೆ ನಿಜದ ಸೈಲೆನ್ಸರಿಗೆ ಬೆಲೆ ಬೇಕಾದಷ್ಟಿದೆ: ಅದು ಬಂದೂಕನ್ನು ಉದ್ದವಾಗಿಸುತ್ತದೆ, ಮೂತಿಗೆ ಭಾರ ಸೇರಿಸುತ್ತದೆ, ಕೆಲವೇ ಸುತ್ತುಗಳಲ್ಲಿ ಕೆಂಡದಂತೆ ಕಾಯುತ್ತದೆ, ಹೊಗೆಯನ್ನು ಹಾರಿಸಿದವನ ಮುಖಕ್ಕೇ ತಿರುಗಿಸುತ್ತದೆ. ಇವನ್ನು ಆಟದೊಳಕ್ಕೆ ತಂದರೆ ಆಯ್ಕೆ ಸಾಯುವುದಿಲ್ಲ, ಹರಿತವಾಗುತ್ತದೆ. ಇದಕ್ಕೆ ದೊಡ್ಡ ಪರದೆಯೂ ಬೇಕಿಲ್ಲ, ಬಿಡುವೂ ಬೇಕಿಲ್ಲ.

ವಿದುರಾಶ್ವತ್ಥದ ಆಕ್ಷೇಪಕ್ಕೆ ಉತ್ತರವೂ ಇದರಲ್ಲೇ ಇದೆ. ಪರಿಣಾಮವನ್ನು ಮುಚ್ಚಿಟ್ಟು ಅಲಂಕಾರವನ್ನಷ್ಟೇ ತೋರಿಸುವ ವಾಸ್ತವ ನಿಜಕ್ಕೂ ಬೇಡ. ಭಾರ, ಸದ್ದು, ಸವೆತಗಳನ್ನು ತೋರಿಸುವ ವಾಸ್ತವ ಆಯುಧದ ಮೇಲಿನ ಮೋಹ ಹೆಚ್ಚಿಸುವುದಕ್ಕಿಂತ ಅದರ ಮಿತಿಯನ್ನು ಕಲಿಸುತ್ತದೆ. ಆದ್ದರಿಂದ ಆಟ ಕಟ್ಟುವವರು ಹೊಂದಿಕೆಯಲ್ಲಿ ಎಷ್ಟು ಬೇಕಾದರೂ ರಿಯಾಯಿತಿ ತೆಗೆದುಕೊಳ್ಳಲಿ, ಪರಿಣಾಮದಲ್ಲಿ ತೆಗೆದುಕೊಳ್ಳದಿರಲಿ. ಮನೆಯಲ್ಲಿ ಮಕ್ಕಳ ಕೈಗೆ ಮೊಬೈಲು ಕೊಡುವ ಹಿರಿಯರೂ ರಕ್ತದ ಬಣ್ಣ ನೋಡಿ ಸಮಾಧಾನಪಡದೆ, ಆ ಆಟದಲ್ಲಿ ಬಂದೂಕಿಗೆ ಭಾರವಿದೆಯೇ, ಸದ್ದಿದೆಯೇ ಎಂದು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಲಿ.