ಊರಿಗೊಂದು ಕೊಳಗ, ಪ್ರಯೋಗಶಾಲೆಗೊಂದು ಅಂಕಿ

ಅಳತೆಯೆಂದರೆ ಗೊತ್ತಾದ ಒಂದು ಮಾನದೊಡನೆ ಮಾಡುವ ಹೋಲಿಕೆಯೆಂದು ಭೌತವಿಜ್ಞಾನದ ಮೊದಲ ಪಾಠದಲ್ಲಿಯೇ ನಾವು ಹೇಳಿಕೊಡುತ್ತೇವೆ. ಊರಿಗೊಂದು ಬಗೆಯಾಗಿದ್ದ ಸೇರು, ಕೊಳಗಗಳನ್ನು ತೊಲಗಿಸಲು ನಮ್ಮ ದೇಶದಲ್ಲಿ 1956ರಲ್ಲಿ ಕಾಯಿದೆಯಾಯಿತು. ಕಾಳುಕಡಿಗಳ ಮಟ್ಟಿಗೆ ಅಂದೇ ತೀರಿದ ಈ ವ್ಯಾಜ್ಯವು ರಕ್ತದಲ್ಲಿರುವ ಹಾರ್ಮೋನುಗಳ ಮಟ್ಟಿಗೆ ಇಂದಿಗೂ ತೀರಿಲ್ಲವೆಂಬುದು ಸೋಜಿಗದ ಸಂಗತಿ.

ಮಕ್ಕಳಾಗದ ದಂಪತಿಗಳು ವೈದ್ಯರಲ್ಲಿಗೆ ಹೋದಾಗ, ಹೆಂಗಸಿನ ರಕ್ತದಲ್ಲಿ ಆಂಟಿ-ಮುಲ್ಲೇರಿಯನ್ ಹಾರ್ಮೋನು, ಅಂದರೆ ಎ.ಎಂ.ಎಚ್., ಎಷ್ಟಿದೆಯೆಂದು ನೋಡುವುದುಂಟು. ಅಂಡಾಶಯದಲ್ಲಿ ಅಂಡಗಳನ್ನು ಹೊತ್ತು ಬೆಳೆಯುವ ಸಣ್ಣ ಚೀಲಗಳು ಇದನ್ನು ಸ್ರವಿಸುತ್ತವೆ. ಆದುದರಿಂದ ಉಳಿದಿರುವ ಅಂಡಗಳ ಅಂದಾಜು ಇದರಿಂದ ದೊರೆಯುತ್ತದೆ. ಅಂಡಾಶಯವನ್ನು ಚೋದಿಸುವ ಔಷಧದ ಪ್ರಮಾಣವನ್ನು ಗೊತ್ತುಮಾಡಲೂ ಇದು ನೆರವಾಗುತ್ತದೆ. ಔಷಧ ಮಿತಿಮೀರಿದರೆ ಅಂಡಾಶಯವು ಊದಿಕೊಂಡು ಪ್ರಾಣಕ್ಕೇ ಅಪಾಯ ಒದಗಬಹುದು. ಸಾಲದೇಹೋದರೆ ಚಿಕಿತ್ಸೆಯೂ ಹಣವೂ ವ್ಯರ್ಥ.

ಈ ಅಂಕಿಯನ್ನು ಕೆಲವರು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಮ್ ಎಂದು ಬರೆಯುತ್ತಾರೆ, ಕೆಲವರು ಲೀಟರಿಗೆ ಇಷ್ಟು ಪಿಕೋಮೋಲ್ ಎಂದು. ಮೊದಲಿನದರ 1 ಎರಡನೆಯದರ ಸುಮಾರು 7.14ಕ್ಕೆ ಸಮ. ಇದು ಬರಿಯ ಗುಣಾಕಾರ. ನಿಜವಾದ ತೊಡಕು ಬೇರೆಡೆ ಇದೆ.

ಇಷ್ಟು ಅಲ್ಪವಾದ ಹಾರ್ಮೋನನ್ನು ತಕ್ಕಡಿಯಲ್ಲಿ ತೂಗಲಾಗದು. ಅದಕ್ಕೇ ಅಂಟಿಕೊಳ್ಳುವ ಪ್ರತಿಕಾಯವೆಂಬ ಪ್ರೋಟೀನನ್ನು ಸೇರಿಸಿ, ಎಷ್ಟು ಅಂಟಿತೆಂಬುದನ್ನು ಬೆಳಕಿನಿಂದಲೋ ವಿಕಿರಣದಿಂದಲೋ ತಿಳಿಯಬೇಕು. 1950ರ ದಶಕದಲ್ಲಿ ವೈದ್ಯ ಬರ್ಸನರೊಡನೆ ಈ ಮಾರ್ಗವನ್ನು ತೆರೆದ ರೋಸಲಿನ್ ಯಾಲೋ ಅವರು ಭೌತವಿಜ್ಞಾನಿ! (1977ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಭೌತವಿಜ್ಞಾನವು ವೈದ್ಯರಿಗೆ ಏಕೆಂದು ಕೇಳುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.) ಆದರೆ ಒಬ್ಬ ತಯಾರಕನ ಪ್ರತಿಕಾಯವು ಅಣುವಿನ ಒಂದು ಭಾಗವನ್ನು ಹಿಡಿದರೆ, ಇನ್ನೊಬ್ಬನದು ಮತ್ತೊಂದು ಭಾಗವನ್ನು ಹಿಡಿಯುತ್ತದೆ. ಅಳತೆಗೋಲಿಗೆ ಗೆರೆ ಕೊರೆಯಲು ಅವರವರು ಬಳಸುವ ದ್ರವವೂ ಬೇರೆ. ಹೀಗಾಗಿ ಒಂದೇ ರಕ್ತಕ್ಕೆ ಎರಡು ಯಂತ್ರಗಳು ಎರಡು ಅಂಕಿಗಳನ್ನು ಕೊಡುತ್ತವೆ. ತಮ್ಮ ತಮ್ಮ ಕೊಳಗದಲ್ಲಿ ಎರಡೂ ಸರಿಯೇ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಎ.ಎಂ.ಎಚ್.ಗಾಗಿ 16/190 ಎಂಬ ಸಂಖ್ಯೆಯ ಆಧಾರದ್ರವ್ಯವನ್ನು ಗೊತ್ತುಪಡಿಸಿತು. ಅದು ಕೆಲವು ವಿಧಾನಗಳಲ್ಲಿ ರೋಗಿಗಳ ರಕ್ತದಂತೆಯೇ ವರ್ತಿಸಿತು, ಕೆಲವುಗಳಲ್ಲಿ ವರ್ತಿಸಲಿಲ್ಲ. ಶಿಷ್ಟಮಾನವೊಂದು ಹುಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ.

ಹೀಗಿರುವಾಗ ವರದಿಯಲ್ಲಿ ಬರಿಯ ಅಂಕಿಯನ್ನು ಮುದ್ರಿಸಿ ಕೊಡುವುದು ತಕ್ಕುದಲ್ಲವೆಂದು ನಮ್ಮ ಅಭಿಪ್ರಾಯ. ವಿಧಾನದ ಹೆಸರು, ಮಾನ, ಆ ವಿಧಾನಕ್ಕೆ ಸಲ್ಲುವ ಮಿತಿಗಳು ಜೊತೆಯಲ್ಲಿರಲೇಬೇಕು. ಒಂದೇ ಮಾದರಿಯನ್ನು ಹಲವು ಪ್ರಯೋಗಶಾಲೆಗಳಿಗೆ ಕಳುಹಿಸಿ ಉತ್ತರಗಳನ್ನು ಹೋಲಿಸುವ ಏರ್ಪಾಡನ್ನು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ನಡೆಸುತ್ತಿದೆ. ಹಾರ್ಮೋನು ಪರೀಕ್ಷೆಗೆ ಹಣ ಪಡೆಯುವ ಪ್ರತಿಯೊಂದು ಪ್ರಯೋಗಶಾಲೆಯೂ ಇಂತಹದೊಂದಕ್ಕೆ ಸೇರಬೇಕೆಂದು ನಿಯಮವಾಗಲಿ. ಖರ್ಚು ಹೆಚ್ಚೀತೆಂದು ಗೊಣಗುವವರಿದ್ದಾರೆ. ತಪ್ಪು ಔಷಧದ ಖರ್ಚನ್ನು ಅವರು ಲೆಕ್ಕಕ್ಕೆ ಹಿಡಿದಂತೆ ಕಾಣೆವು.

ಅಲ್ಲಿಯವರೆಗೆ, ಮರುಪರೀಕ್ಷೆಯನ್ನು ಅದೇ ಪ್ರಯೋಗಶಾಲೆಯಲ್ಲಿ, ಅದೇ ವಿಧಾನದಲ್ಲಿ ಮಾಡಿಸುವುದೊಳಿತು. ಆರು ತಿಂಗಳಲ್ಲಿ ಅಂಕಿ ಇಳಿಯಿತೆಂದು ಎದೆಗುಂದುವ ಮೊದಲು, ಈ ನಡುವೆ ಯಂತ್ರವೇನಾದರೂ ಬದಲಾಯಿತೇ ಎಂದು ಕೇಳಿ ತಿಳಿಯಬೇಕು.