ಡೀಸೆಲ್ಲೋ ಗ್ಯಾಸೋ? ನಿಯಮ ಶೋರೂಮಿನಲ್ಲೇ ತಿಳಿಯಲಿ

2025ರ ಜೂನ್‌ನಲ್ಲಿ ಟಾಟಾ ಮೋಟರ್ಸ್ ‘ಏಸ್ ಪ್ರೊ’ ಎಂಬ ಪುಟ್ಟ ಸರಕು ಗಾಡಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಪೆಟ್ರೋಲ್‌ನದು, ಸಿಎನ್‌ಜಿ-ಪೆಟ್ರೋಲ್ ಎರಡರಲ್ಲೂ ಓಡುವುದು, ಬ್ಯಾಟರಿಯದು ಎಂದು ಮೂರು ಬಗೆ. ಡೀಸೆಲ್ ಇರಲಿಲ್ಲ. 2005ರಲ್ಲಿ 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್ ನಂಬಿಕೊಂಡೇ ಹುಟ್ಟಿ, ಹಳ್ಳಿ-ಪೇಟೆಗಳ ಸಣ್ಣ ಸಾಗಣೆಯ ರೀತಿಯನ್ನೇ ಬದಲಿಸಿದ ಗಾಡಿಯ ವಂಶ ಅದು. ಸಣ್ಣ ಡೀಸೆಲ್‌ನ ಕಾಲ ಮುಗಿಯಿತು ಎಂದು ಜನ ಅಂದುಕೊಳ್ಳುವಷ್ಟರಲ್ಲಿ, ಅದೇ ಸೆಪ್ಟೆಂಬರ್‌ನಲ್ಲಿ ಅದೇ ಕಂಪನಿ ‘ಏಸ್ ಗೋಲ್ಡ್ ಪ್ಲಸ್’ ಡೀಸೆಲ್ ತಂದಿತು, 5.52 ಲಕ್ಷ ರೂಪಾಯಿಗೆ. ಮಾರುತಿ ಸುಜುಕಿಯದು ಬೇರೆ ದಾರಿ. 2016ರಲ್ಲಿ 793 ಸಿಸಿ ಡೀಸೆಲ್‌ನ ‘ಸೂಪರ್ ಕ್ಯಾರಿ’ ತಂದಿದ್ದ ಅದು, 2020ರ ಏಪ್ರಿಲ್‌ನಲ್ಲಿ ಹೊಗೆಗೆ ಬಿಗಿ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದಾಗ ಡೀಸೆಲ್ ಕೈಬಿಟ್ಟು ಪೆಟ್ರೋಲ್ ಮತ್ತು ಸಿಎನ್‌ಜಿಗೆ ನಿಂತಿತು.

ದೊಡ್ಡ ಕಂಪನಿಗಳೇ ಹೀಗೆ ಎರಡು ಉತ್ತರ ಕೊಡುತ್ತಿರುವಾಗ, ಒಂದೇ ಗಾಡಿಯ ದುಡಿಮೆಯಲ್ಲಿ ಮನೆ ನಡೆಸುವವನು ಯಾವುದನ್ನು ಕೊಳ್ಳಬೇಕು? ಈ ಪ್ರಶ್ನೆ ಅತ್ಯಂತ ಕಠಿಣವಾಗಿ ಎದುರಾಗುವ ಊರು ಹರಿಯಾಣದ ಫರೀದಾಬಾದ್. ದೇಶ ವಿಭಜನೆಯಾದಾಗ ನಿರಾಶ್ರಿತರಾಗಿ ಬಂದವರಿಗಾಗಿ ಕಟ್ಟಿದ ಕೈಗಾರಿಕಾ ಪಟ್ಟಣದಿಂದ ಬೆಳೆದ ಊರು ಅದು. ಇಂದಿಗೂ ಅಲ್ಲಿನ ಎನ್‌ಐಟಿ ಬಡಾವಣೆ, ಸೆಕ್ಟರ್ 24, ಬಲ್ಲಭಗಢದ ಕಡೆಯ ವರ್ಕ್‌ಶಾಪ್‌ಗಳ ಬಿಡಿಭಾಗ, ರಬ್ಬರ್, ತಗಡು, ರಟ್ಟಿನ ಪೆಟ್ಟಿಗೆಗಳೆಲ್ಲ ಓಡಾಡುವುದು ಇಂಥ ಪುಟ್ಟ ಗಾಡಿಗಳಲ್ಲೇ. ಬೆಳಗಾಗುತ್ತಲೇ ಡಬುವಾ ಮಂಡಿಯ ತರಕಾರಿಯೂ ಇವುಗಳ ಮೇಲೇ. ನಂಬರ್ ಪ್ಲೇಟ್ ಎಚ್‌ಆರ್ 38. ಮಥುರಾ ರಸ್ತೆಯಲ್ಲಿ ಬದರ್‌ಪುರ ಗಡಿ ದಾಟಿದರೆ ದೆಹಲಿ. ಬಾಡಿಗೆ ಸಿಗುವುದು ಆಚೆ, ಗಾಡಿ ನೋಂದಣಿಯಾಗಿರುವುದು ಈಚೆ.

ಮೊದಲು ಎಂಜಿನ್‌ನ ಮಾತು. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಬೇಡ. ಗಾಳಿಯನ್ನು ಬಲವಾಗಿ ಒತ್ತಿ ಬಿಸಿ ಮಾಡುತ್ತದೆ, ಆ ಬಿಸಿಗೆ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಇಂಧನದ ಶಕ್ತಿಯಲ್ಲಿ ಹೆಚ್ಚು ಪಾಲು ಚಕ್ರಕ್ಕೆ ಸೇರುವುದು, ಕಡಿಮೆ ವೇಗದಲ್ಲೇ ಎಳೆತ ಸಿಗುವುದು ಇದರಿಂದ. ಸೂಪರ್ ಕ್ಯಾರಿ ಡೀಸೆಲ್‌ಗೆ ಕಂಪನಿ ಹೇಳುತ್ತಿದ್ದ ಮೈಲೇಜ್ ಲೀಟರ್‌ಗೆ 22.07 ಕಿ.ಮೀ. ತುಂಬಿದ ಲೋಡ್ ಹಾಕಿಕೊಂಡು ಏರು ಹತ್ತುವಾಗ ಎರಡನೇ ಗೇರ್‌ನಲ್ಲಿ ಎಂಜಿನ್ ಒದ್ದಾಡದೆ ಎಳೆಯುವ ಆ ನೆಮ್ಮದಿ ಡೀಸೆಲ್ ಓಡಿಸಿದವರಿಗೆ ಗೊತ್ತು.

ಸಿಎನ್‌ಜಿ ಗಾಡಿಯ ಒಳಗಿರುವುದು ಪೆಟ್ರೋಲ್ ಎಂಜಿನ್ನೇ. ಗ್ಯಾಸ್ ಒಳಗೆ ಬಂದಷ್ಟೂ ಗಾಳಿಗೆ ಜಾಗ ಕಡಿಮೆ, ಹಾಗಾಗಿ ಬಲವೂ ಕಡಿಮೆ. ಈಗಿನ ಸೂಪರ್ ಕ್ಯಾರಿ ಪೆಟ್ರೋಲ್‌ನಲ್ಲಿ 80.7 ಪಿಎಸ್ ಕೊಟ್ಟರೆ ಗ್ಯಾಸ್‌ನಲ್ಲಿ 71.6. ಇನ್ನೂ ಮುಖ್ಯವಾದದ್ದು ತೂಕ. ಪೆಟ್ರೋಲ್ ಗಾಡಿ 740 ಕಿಲೋ ಹೊರುತ್ತದೆ, ಸಿಲಿಂಡರ್ ಹೊತ್ತ ಗ್ಯಾಸ್ ಗಾಡಿ 625. ಪ್ರತಿ ಟ್ರಿಪ್‌ಗೂ 115 ಕಿಲೋ ನಷ್ಟ, ಅಂದರೆ ಎರಡು ಮೂಟೆ ಸಿಮೆಂಟ್‌ಗಿಂತ ಹೆಚ್ಚು. ರಟ್ಟಿನ ಪೆಟ್ಟಿಗೆ ಸಾಗಿಸುವವನಿಗೆ ಇದು ಲೆಕ್ಕಕ್ಕಿಲ್ಲ. ಕಬ್ಬಿಣದ ಸರಳು ಸಾಗಿಸುವವನಿಗೆ ದಿನದ ಲಾಭವೇ ಅದರಲ್ಲಿ ಹೋಗುತ್ತದೆ.

ಹಾಗಾದರೆ ಡೀಸೆಲ್ಲೇ ವಾಸಿಯೇ? ಊರೊಳಗಿನ ಓಡಾಟಕ್ಕಲ್ಲ. ಬಿಎಸ್-6 ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹಿಡಿದ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಬಿಸಿ ಬೇಕು, ಅದಕ್ಕೆ ಗಾಡಿ ಒಂದಷ್ಟು ಹೊತ್ತು ಒಂದೇ ಸಮನೆ ಓಡಬೇಕು. ಬಾಟಾ ಚೌಕ್‌ನಿಂದ ನೀಲಂ ಚೌಕ್‌ವರೆಗೆ ಹೋಗಿ, ನಿಂತು, ಮತ್ತೆ ತೆವಳುವ ಗಾಡಿಗೆ ಆ ಬಿಸಿ ಎಲ್ಲಿಂದ ಬರಬೇಕು? ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಬೋರ್ಡಿನಲ್ಲಿ ದೀಪ ಉರಿಯುತ್ತದೆ, ಗಾಡಿ ಗ್ಯಾರೇಜು ಸೇರುತ್ತದೆ. ಹಳೆಯ ಡೀಸೆಲ್ ಎಂಜಿನ್‌ನ ದೊಡ್ಡ ಗುಣ ಅದರ ಸರಳತೆ. ಬೀದಿ ಬದಿಯ ಮೆಕ್ಯಾನಿಕ್ ಪಾನಾ ಹಿಡಿದು ಸರಿ ಮಾಡಿಬಿಡುತ್ತಿದ್ದ. ಆ ಸರಳತೆ 2020ಕ್ಕೇ ಮುಗಿಯಿತು.

ದುಡ್ಡಿನ ಲೆಕ್ಕವೂ ತಿರುವುಮುರುವಾಗಿದೆ. 2012ರಲ್ಲಿ ದೆಹಲಿಯಲ್ಲಿ ಪೆಟ್ರೋಲ್‌ಗಿಂತ ಡೀಸೆಲ್ ಲೀಟರ್‌ಗೆ ಸುಮಾರು 30 ರೂಪಾಯಿ ಅಗ್ಗವಿತ್ತು. 2014ರ ಅಕ್ಟೋಬರ್‌ನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಹಿಡಿತ ಬಿಟ್ಟಿತು. 2020ರ ಜೂನ್‌ನಲ್ಲಂತೂ ದೆಹಲಿಯಲ್ಲಿ ಡೀಸೆಲ್ಲೇ ಪೆಟ್ರೋಲ್‌ಗಿಂತ ತುಟ್ಟಿಯಾಯಿತು. ಜನ ಗ್ಯಾಸ್ ಕಡೆ ಹೊರಳಿದರು. ಆದರೆ 2021ರ ಅಕ್ಟೋಬರ್‌ನಲ್ಲಿ ಕಿಲೋಗೆ 50 ರೂಪಾಯಿ ಆಸುಪಾಸಿನಲ್ಲಿದ್ದ ದೆಹಲಿಯ ಸಿಎನ್‌ಜಿ 2022ರ ಕೊನೆಗೆ 80ರ ಹತ್ತಿರ ಬಂತು. ಎಲ್ಲೋ ಉಕ್ರೇನ್‌ನಲ್ಲಿ ಯುದ್ಧವಾದರೆ ಬಲ್ಲಭಗಢದ ಬಾಡಿಗೆ ಗಾಡಿಯವನ ಜೇಬಿಗೆ ಕತ್ತರಿ. ಅಗ್ಗದ ಇಂಧನ ಎಂಬ ಒಂದೇ ಕಾರಣಕ್ಕೆ ಎಂಜಿನ್ ಆರಿಸಿದವರು ಎರಡು ಸಲವೂ ಪೆಟ್ಟು ತಿಂದರು.

ಬೆಲೆಯ ಜೊತೆಗೆ ಸಮಯದ ಖರ್ಚೂ ಇದೆ. ಗ್ಯಾಸ್ ಪಂಪ್‌ನಲ್ಲಿ ಸಾಲು ಕರಗುವುದು ನಿಧಾನ. ಸರದಿ ಬಂದಾಗ ಎಂಜಿನ್ ಆರಿಸಿ ಎಲ್ಲರೂ ಕೆಳಗಿಳಿಯಬೇಕು. ಗ್ಯಾಸನ್ನು 200 ಬಾರ್ ಒತ್ತಡದಲ್ಲಿ ತುಂಬಬೇಕು. ಒಂದರ ಹಿಂದೊಂದು ಗಾಡಿ ತುಂಬಿದಂತೆ ಕಂಪ್ರೆಸರ್‌ನ ಒತ್ತಡ ಇಳಿಯುತ್ತದೆ. ಬೇಸಿಗೆಯಲ್ಲಿ ಬಿಸಿಯಾದ ಗ್ಯಾಸ್ ಮುಳ್ಳನ್ನು ‘ಫುಲ್’ ತೋರಿಸಿ, ತಣ್ಣಗಾದ ಮೇಲೆ ಕೆಳಕ್ಕಿಳಿಸುತ್ತದೆ. ತುಂಬಿಸಿದೆ ಎಂದುಕೊಂಡವನು ಸಂಜೆಗೆ ಮತ್ತೆ ಅದೇ ಸಾಲಿನಲ್ಲಿ ನಿಲ್ಲುತ್ತಾನೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ ಮಾಡಿಸುವ ಖರ್ಚು ಬೇರೆ.

ಇಷ್ಟಿದ್ದರೂ ಫರೀದಾಬಾದ್‌ನಲ್ಲಿ ಇಂದು ಗಾಡಿ ಕೊಳ್ಳುವವನಿಗೆ ನಾನು ಗ್ಯಾಸ್ ಅನ್ನೇ ಹೇಳುತ್ತೇನೆ. ಚಳಿಗಾಲದಲ್ಲಿ ಆ ಊರಿನ ಗಾಳಿ ಉಸಿರಾಡುವವರಲ್ಲಿ ಮೊದಲಿಗ ಗಾಡಿಯ ಚಾಲಕನೇ. ಡೀಸೆಲ್ ಉಗುಳುವ ಮಸಿ ಗ್ಯಾಸ್‌ನಲ್ಲಿ ತೀರಾ ಕಡಿಮೆ. ಹಾಗೆಂದು ಗ್ಯಾಸ್ ಪೂರ್ತಿ ಶುದ್ಧ ಎಂದು ನಂಬುವುದೂ ಬೇಡ. ದೆಹಲಿ ಮತ್ತು ಗುರುಗ್ರಾಮದ ರಸ್ತೆಗಳಲ್ಲಿ ಓಡುವ ಲಕ್ಷಕ್ಕೂ ಹೆಚ್ಚು ಗಾಡಿಗಳ ಹೊಗೆ ಅಳೆದು, ಶುದ್ಧ ಸಾರಿಗೆಯ ಅಧ್ಯಯನ ನಡೆಸುವ ಐಸಿಸಿಟಿ ಸಂಸ್ಥೆ 2024ರಲ್ಲಿ ಕೊಟ್ಟ ವರದಿಯ ಪ್ರಕಾರ, ಸಿಎನ್‌ಜಿ ಲಘು ಸರಕು ವಾಹನಗಳ ನೈಟ್ರೋಜನ್ ಆಕ್ಸೈಡ್ ಪ್ರಯೋಗಾಲಯದ ಮಿತಿಯ 14 ಪಟ್ಟಿನವರೆಗೂ ಹೋಗಿತ್ತು. ನಾವು ಮಾಡಿಸುವ ಹೊಗೆ ತಪಾಸಣೆಯಲ್ಲಿ ಈ ಅನಿಲವನ್ನು ಅಳೆಯುವುದೇ ಇಲ್ಲ. ಗ್ಯಾಸ್ ಗಾಡಿಗೆ ನಿಯಮಿತ ಸರ್ವಿಸ್ ಮಾಡಿಸುವುದು ಮಾಲೀಕನ ಕೆಲಸ. ರಸ್ತೆಯಲ್ಲೇ ನಿಜವಾದ ಹೊಗೆ ಅಳೆಯುವುದು ಸರ್ಕಾರದ ಕೆಲಸ.

ನನ್ನ ತಕರಾರು ಇರುವುದು ನಿಯಮಗಳ ಬಗ್ಗೆ. 2015ರ ಏಪ್ರಿಲ್‌ನಲ್ಲಿ ಹಸಿರು ನ್ಯಾಯಮಂಡಳಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳು ಫರೀದಾಬಾದ್ ಕೂಡ ಸೇರಿದ ರಾಜಧಾನಿ ವಲಯದಲ್ಲಿ ಓಡಕೂಡದು ಎಂದಿತು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಜುಲೈನಲ್ಲಿ ದೆಹಲಿಯಲ್ಲಿ ಹಳೆಯ ಗಾಡಿಗಳಿಗೆ ಇಂಧನ ಕೊಡಬಾರದೆಂಬ ಆದೇಶ ಬಂದು ಕೆಲವೇ ದಿನಗಳಲ್ಲಿ ನಿಂತುಹೋಯಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಯಸ್ಸಿನ ಕಾರಣಕ್ಕೆ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ನಂತರದ ಗಾಡಿಗಳಿಗಷ್ಟೇ ಉಳಿಸಿತು. ಇದರ ನಡುವೆ 2025ರ ನವೆಂಬರ್ 1ರಿಂದ ದೆಹಲಿಯಲ್ಲಿ ನೋಂದಣಿಯಾಗದ ಬಿಎಸ್-3 ಮತ್ತು ಅದಕ್ಕಿಂತ ಹಳೆಯ ಸರಕು ಗಾಡಿಗಳಿಗೆ ದೆಹಲಿಯ ಬಾಗಿಲು ಮುಚ್ಚಿತು, ಬಿಎಸ್-4ಕ್ಕೆ ಸಿಕ್ಕಿದ್ದು 2026ರ ಅಕ್ಟೋಬರ್ 31ರವರೆಗಿನ ಗಡುವು. 2026ರ ಜನವರಿ 1ರಿಂದ ರಾಜಧಾನಿ ವಲಯದ ಇ-ಕಾಮರ್ಸ್ ಮತ್ತು ಡೆಲಿವರಿ ಕಂಪನಿಗಳು ಬರೀ ಡೀಸೆಲ್ ಅಥವಾ ಪೆಟ್ರೋಲ್‌ನಲ್ಲಿ ಓಡುವ ಹೊಸ ಲಘು ಸರಕು ಗಾಡಿ ಸೇರಿಸಿಕೊಳ್ಳುವಂತಿಲ್ಲ.

ಗಾಳಿ ಶುದ್ಧವಾಗಬೇಕೆಂಬ ಈ ಆದೇಶಗಳ ಉದ್ದೇಶವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಕಾನೂನುಬದ್ಧವಾಗಿ ಮಾರಿದ, ತೆರಿಗೆ ಕಟ್ಟಿಸಿಕೊಂಡ, ಮತ್ತೆ ಮತ್ತೆ ಎಫ್‌ಸಿ ಮಾಡಿಕೊಟ್ಟ ಗಾಡಿಯ ಆಯುಷ್ಯವನ್ನು ನಡುದಾರಿಯಲ್ಲಿ ಕಡಿಮೆ ಮಾಡಿದರೆ ನಷ್ಟ ಬೀಳುವುದು ಯಾರ ತಲೆಗೆ? ಹತ್ತು ಗಾಡಿ ಇದ್ದವನು ಹಳೆಯದನ್ನು ಮಾರಿ ಹೊಸದಕ್ಕೆ ಸಾಲ ಎತ್ತುತ್ತಾನೆ. ಒಂದೇ ಗಾಡಿಯವನಿಗೆ ಆ ದಾರಿಯಿಲ್ಲ. ಹಳೆಯ ಗಾಡಿ ಗುಜರಿಗೆ ಹಾಕಿ ಹೊಸದು ಕೊಂಡರೆ ಮೋಟಾರು ತೆರಿಗೆಯಲ್ಲಿ ರಿಯಾಯಿತಿ ಕೊಡುವ 2021ರ ಕೇಂದ್ರದ ಅಧಿಸೂಚನೆಯನ್ನೇ ನೋಡಿ. ಸ್ವಂತ ಬಳಕೆಯ ಕಾರಿಗೆ ಶೇ 25ರವರೆಗೆ, ದುಡಿಯುವ ಗಾಡಿಗೆ ಶೇ 15ರವರೆಗೆ. ಹೊಟ್ಟೆಪಾಡಿನ ಗಾಡಿಗೆ ಕಡಿಮೆ ಕೊಡುವ ಈ ಲೆಕ್ಕ ನ್ಯಾಯವಲ್ಲ, ಅದನ್ನು ತಿದ್ದಲೇಬೇಕು.

ಕರ್ನಾಟಕದಲ್ಲಿ ಕೂತು ಇದನ್ನು ಓದುತ್ತಿರುವವರಿಗೂ ಈ ಮಾತು ದೂರದ್ದಲ್ಲ. ರಾಜಧಾನಿ ವಲಯದಲ್ಲಿ ಓಡಿಸಲಾಗದ ಡೀಸೆಲ್ ಗಾಡಿಗಳು ಎನ್‌ಒಸಿ ಪಡೆದು ಹೊರರಾಜ್ಯಗಳಿಗೆ ಅಗ್ಗದ ಬೆಲೆಗೆ ಬರುತ್ತವೆ. ಬೆಲೆ ನೋಡಿ ಮರುಳಾಗುವ ಮುನ್ನ ಅದು ಬಿಎಸ್ ಎಷ್ಟರ ಗಾಡಿ ಎಂದು ಕೇಳಿ. ಹೊಸದು ಕೊಳ್ಳುವುದಾದರೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಲೋಡ್ ತೂಕದ್ದೋ ಗಾತ್ರದ್ದೋ, ದಾರಿ ಊರೊಳಗಿನದೋ ಹೆದ್ದಾರಿಯದೋ, ದಿನದ ದಾರಿಯಲ್ಲಿ ಗ್ಯಾಸ್ ಪಂಪ್ ಇದೆಯೋ ಇಲ್ಲವೋ. ಬೆಂಗಳೂರಿನೊಳಗೆ ದಿನಸಿ, ಹೂವು, ಪಾರ್ಸೆಲ್ ಸಾಗಿಸುವವರಿಗೆ ಗ್ಯಾಸ್ ಸಾಕು. ಮಲೆನಾಡಿನಿಂದ ಚಾರ್ಮಾಡಿ ಇಳಿದು ಲೋಡ್ ತುಂಬಿಕೊಂಡು ಮತ್ತೆ ಹತ್ತುವವರಿಗೆ, ಕೋಲಾರದ ಟೊಮೆಟೊವನ್ನು ರಾತ್ರೋರಾತ್ರಿ ದೂರ ಮುಟ್ಟಿಸುವವರಿಗೆ ಸಣ್ಣ ಡೀಸೆಲ್ ಇಂದಿಗೂ ಕೈಹಿಡಿಯುವ ಎಂಜಿನ್.

ಸರ್ಕಾರಗಳಿಗೆ ಕೇಳಬೇಕಾದದ್ದು ಒಂದೇ. ಗಾಡಿ ಮಾರುವ ದಿನವೇ ಅದರ ಆರ್‌ಸಿಯಲ್ಲಿ ಯಾವ ವರ್ಷದವರೆಗೆ, ಯಾವ ಊರುಗಳಲ್ಲಿ ಓಡಬಹುದು ಎಂದು ಬರೆದುಕೊಡಿ. ಬರೆದ ಮೇಲೆ ಅದಕ್ಕೆ ಬದ್ಧರಾಗಿರಿ. ಜನರ ಆರೋಗ್ಯಕ್ಕಾಗಿ ಅದನ್ನು ಬದಲಿಸಲೇಬೇಕಾದಾಗ, ಉಳಿದ ವರ್ಷಗಳ ಬೆಲೆಯನ್ನು ಮಾಲೀಕನ ಕೈಗೆ ಕೊಟ್ಟು ಗಾಡಿ ತೆಗೆದುಕೊಳ್ಳಿ. ಶುದ್ಧ ಗಾಳಿ ಎಲ್ಲರ ಹಕ್ಕು, ಅದರ ಖರ್ಚೂ ಎಲ್ಲರದಾಗಬೇಕು.