ಮೈನ್‌ಕ್ರಾಫ್ಟಿನಲ್ಲೊಂದು ಕೆರೆ ಕಟ್ಟೋಣ



ಈ ಸಲದ ಸಂಪಾದಕೀಯ ಒಂದು ವಿಡಿಯೋ ಗೇಮ್ ಬಗ್ಗೆ. ಹುಬ್ಬೇರಿಸಬೇಡಿ! ಮನೆಯಲ್ಲಿ ಏಳೆಂಟು ವರ್ಷದಿಂದ ಹದಿನೈದರ ಒಳಗಿನ ಮಗು ಇದ್ದರೆ ಶನಿವಾರ ಬೆಳಗ್ಗೆ ಅದು ಎಲ್ಲಿರುತ್ತದೆ ಎಂದು ನಿಮಗೆ ಗೊತ್ತೇ ಇದೆ. ಮೈನ್‌ಕ್ರಾಫ್ಟ್. ಸ್ವೀಡನ್ನಿನ ಮಾರ್ಕಸ್ ಪೆರ್ಸನ್ ಎಂಬಾತ 2009ರಲ್ಲಿ ಒಬ್ಬನೇ ಕೂತು ಶುರು ಮಾಡಿದ ಆಟ ಇದು. 2011ರ ನವೆಂಬರಿನಲ್ಲಿ ಪೂರ್ತಿಯಾಗಿ ಬಿಡುಗಡೆಯಾಯಿತು, 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು, 2023ರ ಹೊತ್ತಿಗೆ 30 ಕೋಟಿ ಪ್ರತಿ ಮಾರಾಟವಾಗಿತ್ತು. ಎಲ್ಲವೂ ಚೌಕಾಕಾರದ ಬ್ಲಾಕುಗಳು. ಅಗೆಯಿರಿ, ಕಟ್ಟಿರಿ, ಅಷ್ಟೇ.

ಈ ಆಟಕ್ಕೆ ಹೊರಗಿನವರು ಬರೆದು ಸೇರಿಸುವ ತುಂಡು ಪ್ರೋಗ್ರಾಮಿಗೆ ‘ಮಾಡ್’ ಅನ್ನುತ್ತಾರೆ. ನಮ್ಮ ‘ಮಾಡು’ವಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಕೇಳಲು ಹಿತವಾಗಿದೆ ಬಿಡಿ. ಹೊರನಾಡಿನ ನಮ್ಮ ಗೆಳೆಯರ ನಡುವೆ ‘ಮೈನ್‌ಕ್ರಾಫ್ಟಿಗೊಂದು ಕನ್ನಡದ ಮಾಡ್ ಯಾಕಿರಬಾರದು?’ ಎಂಬ ಮಾತು ಆಗಾಗ ಏಳುತ್ತದೆ. ಎದ್ದ ಕೂಡಲೇ ಪಟ್ಟಿ ಸಿದ್ಧ: ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ, ಯಕ್ಷಗಾನದ ಕಿರೀಟ, ತಿಂದರೆ ಹಸಿವು ನೀಗಿಸುವ ಮಸಾಲೆ ದೋಸೆ, ಹಳದಿ-ಕೆಂಪು ಬಾವುಟ. ನನಗೂ ದೋಸೆ ಇಷ್ಟವೇ. ಆದರೆ ಇವೆಲ್ಲ ಬೊಂಬೆಗೆ ತೊಡಿಸುವ ಬಟ್ಟೆಗಳು. ಬಟ್ಟೆ ಬದಲಾದರೂ ಒಳಗಿನ ಬೊಂಬೆ ಅದೇ. ಮಗು ಎರಡು ದಿನ ಆ ರಥ ನೋಡುತ್ತದೆ, ಮೂರನೇ ದಿನ ಮರೆಯುತ್ತದೆ.

ಒಂದು ಮಾಡ್ ಉಳಿಯುವುದು ಅದು ಆಟಕ್ಕೆ ಹೊಸ ನಿಯಮ ತಂದಾಗ. ಪಿಸ್ಟನ್ ಉದಾಹರಣೆ ನೋಡಿ. ಬ್ಲಾಕನ್ನು ತಳ್ಳುವ ಈ ಯಂತ್ರ ಮೊದಲು ಬಂದದ್ದು ಆಟಗಾರನೊಬ್ಬನ ಮಾಡ್ ಆಗಿ. 2011ರಲ್ಲಿ ಕಂಪನಿಯೇ ಅದನ್ನು ಮೂಲ ಆಟಕ್ಕೆ ಸೇರಿಸಿಕೊಂಡಿತು. ಯಾಕೆ? ‘ಬ್ಲಾಕ್ ಚಲಿಸಬಲ್ಲದು’ ಎಂಬ ಒಂದು ನಿಯಮದಿಂದ ಗುಪ್ತ ಬಾಗಿಲು, ಲಿಫ್ಟು, ತಾನೇ ಕೊಯ್ಲು ಮಾಡುವ ಹೊಲ ಎಲ್ಲ ಹುಟ್ಟಿದವು. ‘ಕ್ರಿಯೇಟ್’ ಎಂಬ ಮಾಡ್ ಕೂಡ ಹಾಗೇ. ಅದರಲ್ಲಿ ಹಲ್ಲುಚಕ್ರ, ಬೆಲ್ಟು, ನೀರಿನ ಚಕ್ರ ಇವೆ. ಒಂದು ಚಕ್ರಕ್ಕೆ ಅದರ ಶಕ್ತಿ ಮೀರಿ ಯಂತ್ರ ತಗುಲಿಸಿದರೆ ಎಲ್ಲವೂ ನಿಂತುಬಿಡುತ್ತದೆ. ಹತ್ತು ವರ್ಷದ ಮಕ್ಕಳು ಗೇರ್ ಅನುಪಾತದ ಬಗ್ಗೆ ಜಗಳವಾಡುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಯಾವ ಮೇಷ್ಟ್ರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಇದಕ್ಕೆ ವಿರುದ್ಧದ ಉದಾಹರಣೆಯೂ ಇದೆ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ 2013ರಲ್ಲಿ ತನ್ನ ದೇಶದ ನೆಲವನ್ನು ಮೈನ್‌ಕ್ರಾಫ್ಟ್ ಆಗಿ ಮಾಡಿ ಹಂಚಿತು. ಮರುವರ್ಷ ಡೆನ್ಮಾರ್ಕ್ ತನ್ನ ಇಡೀ ದೇಶವನ್ನು ಹಾಗೇ ಕಟ್ಟಿತು. ದೊಡ್ಡ ಕೆಲಸಗಳೇ. ಆದರೆ ನೆಲ ಬಂತು, ನಿಯಮ ಬರಲಿಲ್ಲ. ಆ ನದಿಗಳಲ್ಲಿ ನೀರು ಇಳಿಜಾರಿಗೆ ಹರಿದು ಸಮುದ್ರ ಸೇರುವುದಿಲ್ಲ, ಸುಮ್ಮನೆ ನಿಂತಿರುತ್ತದೆ. ನಾವು ಕರ್ನಾಟಕವನ್ನು ಹಾಗೆ ಕಟ್ಟಿದರೂ ಅದೇ ಕಥೆ.

ಹಾಗಾದರೆ ನಮ್ಮ ನಾಡಿನಿಂದ ಈ ಆಟಕ್ಕೆ ಕೊಡಬಹುದಾದ ನಿಯಮ ಯಾವುದು? ನನ್ನ ಉತ್ತರ: ಕೆರೆ.

ಈಗ ಆಟದಲ್ಲಿ ನೀರು ಹೇಗಿದೆ ಗೊತ್ತೇ? ಎರಡು ಬಕೆಟ್ ನೀರನ್ನು ಒಂದು ಸಣ್ಣ ಗುಂಡಿಗೆ ಸರಿಯಾಗಿ ಸುರಿದರೆ ಮುಗಿಯಿತು. ಎಷ್ಟು ಮೊಗೆದರೂ ಅದು ಮತ್ತೆ ತುಂಬುತ್ತದೆ, ಪ್ರಳಯಕಾಲದವರೆಗೂ. ಹೊಲದ ನಡುವೆ ಒಂದೇ ಒಂದು ನೀರಿನ ಬ್ಲಾಕ್ ಇಟ್ಟರೆ ನಾಲ್ಕು ಬ್ಲಾಕ್ ದೂರದವರೆಗೆ ನೆಲ ಒದ್ದೆಯಾಗಿರುತ್ತದೆ. ಅಂದರೆ 9×9ರ ಹೊಲದಲ್ಲಿ 80 ಬ್ಲಾಕ್ ಬೆಳೆಗೆ ಒಂದು ಬಕೆಟ್ ನೀರು, ಒಂದೇ ಸಲ, ಶಾಶ್ವತವಾಗಿ! ಕೋಲಾರದ ರೈತನಿಗೆ ಇದನ್ನು ಹೇಳಿ ನೋಡಿ. ಆಟಕ್ಕೆ ಇದು ಅನುಕೂಲ, ಒಪ್ಪುತ್ತೇನೆ. ನೀರು ತಾನಾಗಿ ಹುಟ್ಟುವುದನ್ನು ನಿಲ್ಲಿಸುವ ಸ್ವಿಚ್ಚೊಂದು 2022ರ ಕೊನೆಯಲ್ಲಿ ಆಟದೊಳಗೇ ಬಂದಿದೆ. ಆದರೆ ಬರೀ ನಿಲ್ಲಿಸಿದರೆ ಆಟ ಕಷ್ಟವಾಗುತ್ತದೆಯೇ ಹೊರತು ಸ್ವಾರಸ್ಯವಾಗುವುದಿಲ್ಲ. ಆ ಜಾಗಕ್ಕೆ ಏನು ಬರಬೇಕು ಎಂಬುದೇ ಪ್ರಶ್ನೆ.

ನನ್ನ ಮಗಳು ಒಮ್ಮೆ ಕೇಳಿದಳು, “ಅಪ್ಪ, ಕೆರೆ ಅಂದ್ರೆ ಪಾಂಡ್ ತಾನೇ?” ಅಲ್ಲ ಪುಟ್ಟಿ. ಪಾಂಡೂ ಅಲ್ಲ, ಲೇಕೂ ಅಲ್ಲ. ಕೆರೆ ಒಂದು ಯಂತ್ರ. ಅದಕ್ಕೆ ಬಿಡಿಭಾಗಗಳಿವೆ. ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿ. ಮೇಲಿನ ಬಯಲಿನಿಂದ ನೀರು ತರುವ ಕಾಲುವೆ. ತುಂಬಿ ಮಿಕ್ಕಿದ್ದು ಏರಿ ಒಡೆಯದಂತೆ ಹೊರಹೋಗಲು ಕೋಡಿ. ಬೇಕಾದಾಗ ಬೇಕಾದಷ್ಟು ನೀರು ಬಿಡಲು ತೂಬು. ತೂಬಿನ ನೀರು ತಲುಪುವಷ್ಟು ಹೊಲ, ಅದೇ ಅಚ್ಚುಕಟ್ಟು. ಕೋಡಿಯಿಂದ ಹೊರಬಿದ್ದ ನೀರು ವ್ಯರ್ಥವಲ್ಲ, ಕೆಳಗಿನ ಊರಿನ ಕೆರೆಗೆ ಹೋಗುತ್ತದೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಸರಮಾಲೆ ಹಾಗೆ. ಇಷ್ಟನ್ನು ಬ್ಲಾಕುಗಳಲ್ಲಿ ಕಟ್ಟಲು ಆಗುವುದಿಲ್ಲವೇ? ಈ ಆಟ ಇದಕ್ಕೇ ಹುಟ್ಟಿದ ಹಾಗಿದೆ!

ಎಂಜಿನಿಯರ್ ಮಿತ್ರರು ಕೂಡಲೇ ಆಕ್ಷೇಪ ಎತ್ತುತ್ತಾರೆ. ನೀರಿಗೆ ಲೆಕ್ಕವಿಟ್ಟು ಪ್ರತಿ ಬ್ಲಾಕನ್ನೂ ಹರಿಸಹೊರಟರೆ ಕಂಪ್ಯೂಟರ್ ಸುಸ್ತಾಗುತ್ತದೆ ಎಂದು. ನಿಜ. ಆಟ ಸೆಕೆಂಡಿಗೆ 20 ಸಲ ತನ್ನ ಲೋಕವನ್ನು ಲೆಕ್ಕ ಹಾಕುತ್ತದೆ. ನೂರು ಬ್ಲಾಕ್ ಉದ್ದ, ನೂರು ಅಗಲ, ಐದು ಆಳದ ಕೆರೆಯಲ್ಲಿ 50,000 ನೀರಿನ ಬ್ಲಾಕುಗಳು. ಅಷ್ಟನ್ನೂ ಹರಿಸಲು ಹೋದರೆ ಸರ್ವರ್ ಮಲಗುತ್ತದೆ. ಆದರೆ ಕೆರೆಯ ನೀರನ್ನು ಬ್ಲಾಕ್ ಬ್ಲಾಕಾಗಿ ಲೆಕ್ಕ ಇಡಲೇಬೇಕೆಂದು ಯಾರು ಹೇಳಿದರು? ನಮ್ಮ ಸಿವಿಲ್ ಎಂಜಿನಿಯರುಗಳು ಹಾಗೆ ಮಾಡುತ್ತಾರೆಯೇ? ಅವರ ಬಳಿ ಒಂದು ಪಟ್ಟಿ ಇರುತ್ತದೆ: ಇಷ್ಟು ಎತ್ತರಕ್ಕೆ ನೀರು ನಿಂತರೆ ಇಷ್ಟು ಸಂಗ್ರಹ. ನಾವೂ ಅದನ್ನೇ ಮಾಡೋಣ. ಆಟಗಾರ ಏರಿ ಕಟ್ಟಿ ಮುಗಿಸಿದ ಕ್ಷಣದಲ್ಲಿ ಒಂದೇ ಒಂದು ಸಲ ಫ್ಲಡ್ ಫಿಲ್ ಓಡಿಸಿ, ಪ್ರತಿ ಎತ್ತರಕ್ಕೂ ಎಷ್ಟು ಬ್ಲಾಕ್ ಹಿಡಿಯುತ್ತದೆಂದು ಎಣಿಸಿ ಪಟ್ಟಿ ಇಟ್ಟುಕೊಳ್ಳುವುದು. ಆಮೇಲೆ ಇಡೀ ಕೆರೆಗೆ ಒಂದೇ ಸಂಖ್ಯೆ. ಮಳೆ ಬಂದರೆ ಕೂಡು, ತೂಬು ತೆಗೆದರೆ ಕಳೆ, ಬಿಸಿಲಿಗೆ ಸ್ವಲ್ಪ ಕಳೆ, ಕೋಡಿಯ ಮಟ್ಟ ಮೀರಿದ್ದನ್ನು ಕೆಳಗಿನ ಕೆರೆಯ ಸಂಖ್ಯೆಗೆ ಕೂಡು. ಸಂಖ್ಯೆ ಒಂದು ಮೆಟ್ಟಿಲು ದಾಟಿದಾಗ ಮಾತ್ರ ಮೇಲಿನ ಒಂದು ಪದರ ನೀರನ್ನು ಹಾಕುವುದು ಅಥವಾ ತೆಗೆಯುವುದು. ಇನ್ನೊಂದು ಲಾಭವೂ ಇದೆ. ಆಟಗಾರನಿಂದ ದೂರವಿರುವ ನೆಲವನ್ನು ಆಟ ನೆನಪಿನಿಂದ ಇಳಿಸಿಬಿಡುತ್ತದೆ, ಅಲ್ಲಿ ಏನೂ ನಡೆಯುವುದಿಲ್ಲ. ಆದರೆ ನಮ್ಮದು ಬರೀ ಸಂಖ್ಯೆಯಾದ್ದರಿಂದ ಮೇಲಿನ ಊರಿನ ಕೆರೆ ಯಾರೂ ನೋಡದಿದ್ದರೂ ತುಂಬುತ್ತಿರುತ್ತದೆ. ಊರಿನಲ್ಲೂ ಹಾಗೇ ಅಲ್ಲವೇ? ಮಳೆ ಎಲ್ಲೋ ಬಿದ್ದಿರುತ್ತದೆ, ಬೆಳಗ್ಗೆ ಎದ್ದರೆ ನಮ್ಮ ಕೆರೆಗೆ ನೀರು ಬಂದಿರುತ್ತದೆ.

ಋತುಗಳನ್ನು ತರುವ ಮಾಡುಗಳು ಆಗಲೇ ಇವೆ, ಮಳೆಗಾಲಕ್ಕೆ ಅವುಗಳ ಭುಜ ಹಿಡಿಯಬಹುದು. ಹೊಸದಾಗಿ ಬೇಕಿರುವುದು ಹೂಳು. ಪ್ರತಿ ಮಳೆಗಾಲಕ್ಕೂ ಕೆರೆಯ ತಳದಲ್ಲಿ ಒಂದಿಷ್ಟು ಮಣ್ಣಿನ ಬ್ಲಾಕು ಕೂಡುತ್ತ ಹೋಗಲಿ. ತೆಗೆಯದಿದ್ದರೆ ನಾಲ್ಕಾರು ಮಳೆಗಾಲದಲ್ಲಿ ಕೆರೆ ಬಯಲಾಗಲಿ. ತೆಗೆದರೆ? ಬೇಸಿಗೆಯಲ್ಲಿ ನಮ್ಮ ಹಿರಿಯರು ಗಾಡಿ ಕಟ್ಟಿ ಹೂಳನ್ನು ಹೊಲಕ್ಕೆ ಹೊಡೆಯುತ್ತಿದ್ದರಲ್ಲ, ಹಾಗೇ ಇಲ್ಲೂ ಅದು ಗೊಬ್ಬರ. ಹೂಳು ಹಾಕಿದ ಹೊಲದಲ್ಲಿ ಬೆಳೆ ಬೇಗ ಬರಲಿ. ಕೆಸರಿನ ಬ್ಲಾಕ್ ಮೂಲ ಆಟದಲ್ಲೇ ಇದೆ, ಅದನ್ನೇ ಬಳಸಿಕೊಳ್ಳಬಹುದು. ದುರಸ್ತಿಯ ಬೇಸರದ ಕೆಲಸಕ್ಕೆ ಪ್ರತಿಫಲ ಇಟ್ಟ ಈ ಏರ್ಪಾಡನ್ನು ಯಾವ ಗೇಮ್ ಡಿಸೈನರ್ ಕಂಡರೂ ಅಸೂಯೆಪಡುತ್ತಾನೆ. ನಮ್ಮವರು ಇದನ್ನು ನೂರಾರು ವರ್ಷ ನಡೆಸಿದ್ದರು.

ಮತ್ತೆ ನೀರುಗಂಟಿ. ಆಟದ ಹಳ್ಳಿಗಳಲ್ಲಿ ಕಸುಬಿನವರಿದ್ದಾರೆ: ರೈತ, ಮೀನುಗಾರ, ಕಲ್ಲುಕುಟಿಗ. ಒಂದೊಂದು ಕಸುಬಿಗೆ ಒಂದೊಂದು ಬ್ಲಾಕ್ ಗುರುತು. ತೂಬಿನ ಬ್ಲಾಕ್ ಇಟ್ಟರೆ ಕೆಲಸವಿಲ್ಲದ ಹಳ್ಳಿಗನೊಬ್ಬ ನೀರುಗಂಟಿಯಾಗಲಿ. ದಿನಾ ತೂಬು ತೆಗೆದು, ಸರದಿಯಂತೆ ಒಂದೊಂದು ಹೊಲಕ್ಕೆ ನೀರು ತಿರುಗಿಸಲಿ. ಉಳಿದ ಹಳ್ಳಿಗರ ಹಾಗೆ ಪಚ್ಚೆ ಕೇಳದೆ, ಸುಗ್ಗಿಯಲ್ಲಿ ಧಾನ್ಯದ ಪಾಲು ಕೇಳಲಿ. ಕೊಡದಿದ್ದರೆ ಮರುವರ್ಷ ಕೆಲಸಕ್ಕೆ ಬರದಿರಲಿ! ಇಬ್ಬರು ಮೂವರು ಮಕ್ಕಳು ಒಂದೇ ಸರ್ವರಿನಲ್ಲಿ ಆಡುವಾಗ ತೂಬಿನ ಪಕ್ಕದ ಹೊಲ ಒಬ್ಬನದು, ಕಾಲುವೆಯ ತುದಿಯ ಹೊಲ ಇನ್ನೊಬ್ಬಳದು. ಮೊದಲನೆಯವನು ಎಲ್ಲ ನೀರನ್ನೂ ಭತ್ತಕ್ಕೆ ಬಿಟ್ಟುಕೊಂಡರೆ ತುದಿಯವಳು ಏನು ಮಾಡಬೇಕು? ಮಂಡ್ಯದ ನಾಲೆಯ ಕೊನೆಯ ರೈತರ ಪ್ರಶ್ನೆ ಇದೇ.

ಇದೆಲ್ಲ ಹಳೆಯದರ ಹಂಬಲ ಅಂದುಕೊಳ್ಳಬೇಡಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಐಟಿ ಕಚೇರಿಗಳ ಮುಂದೆ ಟ್ರಾಕ್ಟರಿನಲ್ಲಿ ಜನ ಓಡಾಡಿದ್ದನ್ನು ನಾವೆಲ್ಲ ಇಲ್ಲಿ ಕೂತು ಟಿವಿಯಲ್ಲಿ ನೋಡಿದೆವು. ಕೆಲವರ ಫ್ಲ್ಯಾಟುಗಳೂ ಅಲ್ಲೇ ಇದ್ದವು. ಮೇಲಿನ ಕೆರೆಗಳ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಹೋಗುವ ಹಳೆಯ ದಾರಿಯ ಮೇಲೆ ಕಟ್ಟಡ ಎದ್ದರೆ ನೀರು ಎಲ್ಲಿಗೆ ಹೋಗಬೇಕು? 2024ರ ಬೇಸಿಗೆಯಲ್ಲಿ ಅದೇ ಊರಿನಲ್ಲಿ ಟ್ಯಾಂಕರಿಗಾಗಿ ಕಾಯುವ ಸಾಲು. ಆಟದಲ್ಲಿ ರಾಜಕಾಲುವೆಯ ಮೇಲೆ ಮನೆ ಕಟ್ಟಿ, ಮೊದಲ ಮಳೆಗೆ ಮನೆಯೊಳಗೆ ನೀರು ನುಗ್ಗಿಸಿಕೊಂಡ ಮಗು ಆ ತಪ್ಪನ್ನು ಎರಡನೇ ಸಲ ಮಾಡುವುದಿಲ್ಲ. ಅಪ್ಪಂದಿರು ಸೈಟು ಕೊಳ್ಳುವ ಮುಂಚೆ ಆಡಿದರೂ ನನ್ನ ಅಡ್ಡಿಯಿಲ್ಲ.

ಎರಡನೇ ಐಡಿಯಾ ಚಿಕ್ಕದು, ಬೇಗ ಹೇಳುತ್ತೇನೆ. ಬೇಲೂರು ಹಳೇಬೀಡಿನ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದು ಬರಬರುತ್ತ ಗಟ್ಟಿಯಾಗುತ್ತದೆ. ಆ ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಹೀಗೆ. ಅಂಥ ಒಂದು ಬ್ಲಾಕ್ ಬರಲಿ: ಹೊಸದಾಗಿದ್ದಾಗ ಕೆತ್ತಬಹುದು, ತಡಮಾಡಿದರೆ ಉಳಿ ಕೂರುವುದಿಲ್ಲ. 2021ರಲ್ಲಿ ಆಟಕ್ಕೆ ಬಂದ ತಾಮ್ರದ ಬ್ಲಾಕ್ ಕಾಲ ಕಳೆದಂತೆ ಹಸಿರುಗಟ್ಟುತ್ತದೆ, ಅಂದರೆ ಬ್ಲಾಕಿಗೆ ವಯಸ್ಸಾಗುವ ಕೋಡ್ ಈಗಾಗಲೇ ಇದೆ. ಒಂದು ವಾರಾಂತ್ಯದ ಕೆಲಸ.

ಮೂರನೆಯದು ನಮ್ಮ ಲಿಪಿ. ಮೈನ್‌ಕ್ರಾಫ್ಟಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಅನುವಾದ ಮಾಡುತ್ತಿರುವವರು ಸ್ವಯಂಸೇವಕರು. ಅವರಿಗೆ ಶರಣು. ಆದರೆ ಆಟದ ಅಕ್ಷರ ಬಿಡಿಸುವ ವಿಧಾನ ಒಂದು ಯೂನಿಕೋಡ್ ಸಂಕೇತಕ್ಕೆ ಒಂದು ಚಿತ್ರ ಎಂಬ ಲೆಕ್ಕದ್ದು. ಇಂಗ್ಲಿಷಿಗೆ ಅದು ಸಾಕು. ಕನ್ನಡಕ್ಕೆ ಗುಣಿತ, ಒತ್ತು ಎಲ್ಲ ಕೂಡಿ ಒಂದು ರೂಪವಾಗಬೇಕು. ಕೂಡಿಸುವವರಿಲ್ಲದೆ ‘ಅಚ್ಚುಕಟ್ಟು’ ಎಂಬ ಪದವೇ ಅಚ್ಚುಕಟ್ಟಾಗಿ ಕಾಣುವುದಿಲ್ಲ! ಇ-ಮೇಲಿನಲ್ಲಿ ಕನ್ನಡ ಚೌಕಳಿಗಳಾಗಿ ಬರುತ್ತಿದ್ದ ಕಾಲ ನೆನಪಿದೆಯಲ್ಲ? ಹಾರ್ಫ್‌ಬಝ್ ಎಂಬ ಉಚಿತ ಲೈಬ್ರರಿ ಈ ಕೂಡಿಸುವ ಕೆಲಸವನ್ನು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡುಗಳಲ್ಲಿ ದಿನವೂ ಮಾಡುತ್ತಿದೆ. ಅದನ್ನು ಆಟಕ್ಕೆ ಜೋಡಿಸುವ ಮಾಡ್ ಬಂದರೆ ತಮಿಳು, ತೆಲುಗು, ಹಿಂದಿಯವರಿಗೂ ಉಪಕಾರ.

‘ನಮ್ಮ ಮಕ್ಕಳಿಗೆ ಕನ್ನಡ ಓದಲೇ ಬರುವುದಿಲ್ಲ, ತೂಬು ಕೋಡಿ ಯಾರಿಗೆ ಬೇಕು?’ ಅನ್ನುವವರಿಗೆ ಒಂದು ಮಾತು. ಅಬ್ಸಿಡಿಯನ್ ಎಂಬ ಕಲ್ಲಿನ ಹೆಸರು ನಿಮ್ಮ ಮಗುವಿಗೆ ಗೊತ್ತು. ಶಾಲೆಯಲ್ಲಿ ಕಲಿತದ್ದಲ್ಲ. ಆಟದಲ್ಲಿ ಅದು ಬೇಕಾಯಿತು, ಹೆಸರು ಬಂತು. ತೂಬು ಬೇಕಾದ ದಿನ ತೂಬು ಎಂಬ ಪದವೂ ಬರುತ್ತದೆ. ಅದಕ್ಕೇ ದಯವಿಟ್ಟು ಇದರೊಳಗೆ ಪಾಠ, ಪ್ರಶ್ನೋತ್ತರ, ‘ನಿಮಗಿದು ಗೊತ್ತೇ’ ತುರುಕಬೇಡಿ. ಕೆರೆ ತುಂಬದಿದ್ದರೆ ಬೆಳೆ ಒಣಗಲಿ, ಸಾಕು. ಇಂಗ್ಲಿಷ್ ಭಾಷೆಯಲ್ಲಿ ಆಡುವವರಿಗೂ ‘ಸ್ಲೂಸ್’ ಬೇಡ, ತೂಬು ಎಂದೇ ಇರಲಿ. ಸುಶಿಯನ್ನು ಸುಶಿ ಎಂದೇ ಕರೆಯುತ್ತೇವಲ್ಲ?

ಇನ್ನು ಕೆಲಸದ ಮಾತು. ಟ್ಯಾಬ್ಲೆಟ್, ಎಕ್ಸ್‌ಬಾಕ್ಸುಗಳಲ್ಲಿರುವುದು ಬೆಡ್‌ರಾಕ್ ಆವೃತ್ತಿ. ಆಳವಾದ ಬದಲಾವಣೆಗೆ ಕಂಪ್ಯೂಟರಿನ ಜಾವಾ ಆವೃತ್ತಿಯೇ ಸರಿ, ನಮ್ಮಲ್ಲಿ ಜಾವಾ ಗೊತ್ತಿಲ್ಲದವರು ಯಾರಿದ್ದಾರೆ ಹೇಳಿ. ಆಟದ ಕೋಡಿನಲ್ಲಿ ಹೆಸರುಗಳನ್ನು ಕಲಸಿ ಮರೆಮಾಡುವ ಪದ್ಧತಿ ಇತ್ತು. ಕಂಪನಿ 2019ರಲ್ಲಿ ಅದರ ಕೀಲಿಪಟ್ಟಿ ಕೊಟ್ಟಿತು, 2025ರ ಅಕ್ಟೋಬರಿನಲ್ಲಿ ಆ ಪದ್ಧತಿಯನ್ನೇ ಕೈಬಿಡುವುದಾಗಿ ಪ್ರಕಟಿಸಿತು. ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಮಾಡನ್ನು ಮಾರುವಂತಿಲ್ಲ, ಆದ್ದರಿಂದ ದುಡ್ಡಿನ ಆಸೆ ಬಿಟ್ಟವರು ಮಾತ್ರ ಬನ್ನಿ.

ಫ್ಯಾಬ್ರಿಕ್ ಮೇಲೆ ಕೆಲಸ ಮಾಡಬಲ್ಲ ಇಬ್ಬರು ಬೇಕು, ಬ್ಲಾಕುಗಳ ಚಿತ್ರ ಬಿಡಿಸುವವರು ಒಬ್ಬರು. ಕೋಡ್ ಬರೆಯದವರಿಗೂ ಕೆಲಸವಿದೆ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಜ್ಜನನ್ನೋ ದೊಡ್ಡಪ್ಪನನ್ನೋ ಕೇಳಿ: ನಮ್ಮೂರ ಕೆರೆಗೆ ತೂಬು ಎಷ್ಟು, ಕೋಡಿ ಯಾವ ಕಡೆ, ಕೋಡಿ ಬಿದ್ದ ನೀರು ಯಾವ ಊರಿಗೆ ಹೋಗುತ್ತಿತ್ತು, ನೀರುಗಂಟಿಗೆ ನಿಮ್ಮ ಕಡೆ ಏನೆಂದು ಕರೆಯುತ್ತಿದ್ದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದು ಈ ಅಂಚೆಗೇ ಉತ್ತರವಾಗಿ ಕಳಿಸಿ. ಮೊದಲ ಕೆರೆಗೆ ಯಾರ ಊರಿನ ನಕ್ಷೆ ಎಂಬುದನ್ನು ಬಂದ ಉತ್ತರಗಳನ್ನು ನೋಡಿ ಮುಂದಿನ ಸಂಚಿಕೆಯಲ್ಲಿ ತೀರ್ಮಾನಿಸೋಣ.